ಅವ್ವನ ಹೆಬ್ಬೆಟ್ಟು

ನಮ್ಮಪ್ಪ ಬದುಕಿರುವವರೆಗೂ ರುಜು ಹಾಕಿದವನಲ್ಲ, ಹೆಬ್ಬೆಟ್ಟು ಒತ್ತಿದವನು. ಊರ್ಡಿಗೆರೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಅವನ ಓರಗೆಯವರು ಬಹುಪಾಲು ಹಾಗೆಯೇ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಸೋದರತ್ತೆಯ ಮದುವೆಗೆ ದುಡ್ಡು ಹೊಂದಿಸಲು ಹೊಲ ಭೋಗ್ಯಕ್ಕೆ ಹಾಕಿದ. ಪತ್ರ ಬರೆಸಲು ತುಮಕೂರಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದ. ಪತ್ರದಲ್ಲಿ ಏನಿತ್ತೋ ಮರೆತಿದೆ. ನೆನಪಿರುವುದು ಪತ್ರ ಬರೆಸಿದ ಕಟ್ಟಡದ ಗೋಡೆ. ಕಿಟಕಿಯ ಪಕ್ಕ ಆಳೆತ್ತರದವರೆಗೂ ನೀಲಿ ಗೀಟುಗಳು, ಒಂದರ ಮೇಲೊಂದು. ಒತ್ತಿದವರೆಲ್ಲ ಮಸಿ ಒರೆಸಿ ಹೋದದ್ದು. ಅಪ್ಪ ಮಾತ್ರ ಗೋಡೆಗೆ ಒರೆಸಲಿಲ್ಲ, ತಲೆಗೂದಲಿಗೆ ಒರೆಸಿಕೊಂಡ. ಕೂದಲಿಗೆ ಎಣ್ಣೆ ಹಚ್ಚಿಕೊಂಡವನ ಹಾಗೆ ಸಹಜವಾಗಿತ್ತು ಅವನ ಕೈಚಳಕ.

ಪತ್ರ ಬರೆದಾತ ಅಪ್ಪನ ಕೈಯನ್ನು ತಾನೇ ಹಿಡಿದು, ಬೆಟ್ಟನ್ನು ಪ್ಯಾಡಿನ ಮೇಲೆ ಆ ಅಂಚಿನಿಂದ ಈ ಅಂಚಿಗೆ ಉರುಳಿಸಿ ಕಾಗದಕ್ಕೆ ಒತ್ತಿಸಿದ. ಆಮೇಲೆ ಗುರುತಿನ ಸುತ್ತ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 'ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು' ಎಂದು ಬರೆದ. ಇಬ್ಬರು ಸಾಕ್ಷಿಗಳು ರುಜು ಹಾಕಿದರು. ಕಟ್ಟಕಡೆಗೆ, ಪತ್ರ ಬರೆದವನು ತಾನೆಂದು ತಿಳಿಸಲು, 'ಬಿಕ್ಕಲಂ' ಎಂದು ಬರೆದು ತನ್ನ ಹೆಸರನ್ನೂ ಸೇರಿಸಿದ. ಅಪ್ಪ ಒತ್ತಿದ್ದು ಒಂದು ಬೆಟ್ಟು, ಅದರ ಸುತ್ತ ನಿಂತವರು ಮೂವರು. ಈ ಲೆಕ್ಕ ನನಗೆ ಹೊಳೆಯುವುದಕ್ಕೆ ಹತ್ತಿರ ಹತ್ತಿರ ಐವತ್ತು ವರ್ಷ ಹಿಡಿಯಿತು.

1984ರಲ್ಲಿ ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದಾಗ ಅದೇ ಮಸಿ ಪ್ಯಾಡು ನನ್ನ ಟೇಬಲ್ಲಿಗೆ ಬಂತು. ಗಂಡಸರದು ಎಡಗೈ, ಹೆಂಗಸರದು ಬಲಗೈ ಎನ್ನುವುದು ಆಗಿನ ರೂಢಿ. ಹೆಬ್ಬೆಟ್ಟಿನ ಖಾತೆಯವರಿಗೆ ಚೆಕ್ ಪುಸ್ತಕ ಇಲ್ಲ. ಪಾಸ್ ಪುಸ್ತಕ ಹಿಡಿದು ಅವರೇ ಬರಬೇಕು, ಫೋಟೊ ನೋಡಿ ಅಧಿಕಾರಿಯ ಎದುರಿಗೆ ಒತ್ತಿಸಬೇಕು. ಸಂತೆಯ ದಿನ ಕೌಂಟರಿನ ಮುಂದೆ ಸಾಲುಗಟ್ಟಿ ನಿಂತವರ ಕೈಗಳನ್ನು ಹಿಡಿದು ಹಿಡಿದು ನನ್ನ ಬೆರಳುಗಳೂ ಸಂಜೆಗೆ ನೀಲಿಯಾಗುತ್ತಿದ್ದವು. ಈಗ ಒಂದು ಗುಟ್ಟು ಹೇಳಿಬಿಡುತ್ತೇನೆ, ನಿವೃತ್ತನಾಗಿದ್ದೇನಲ್ಲ. ಅಷ್ಟು ಸಾವಿರ ಗುರುತುಗಳಲ್ಲಿ ಒಂದನ್ನೂ ನಾನು ಹಳೆಯದರ ಜೊತೆ ಹೋಲಿಸಿ ನೋಡಿದವನಲ್ಲ. ಹೋಲಿಸುವ ವಿದ್ಯೆ ನನಗೂ ಬರುತ್ತಿರಲಿಲ್ಲ, ನನ್ನ ಮ್ಯಾನೇಜರಿಗೂ ಬರುತ್ತಿರಲಿಲ್ಲ. 'ಇವಳು ಹುಣಸೆಮರದ ಮನೆಯವಳು ಕಣ್ರೀ, ಹೋದ ವಾರ ಹಸು ಸಾಲಕ್ಕೆ ಬಂದಿದ್ದಳಲ್ಲ' ಎಂದು ಜವಾನ ಹೇಳಿದರೆ ಮುಗಿಯಿತು. ಕಾಗದದ ಮೇಲೆ ಬೆಟ್ಟು ಇರುತ್ತಿತ್ತು, ಕೆಲಸ ನಡೆಸುತ್ತಿದ್ದವನು ಜವಾನ.

ಹೆಬ್ಬೆಟ್ಟು ಅಂದರೆ ಆ ಕಾಲಕ್ಕೆ ಒಂದು ಬೈಗುಳ ಕೂಡ. 'ಅವನೊಬ್ಬ ಹೆಬ್ಬೆಟ್ಟು' ಅಂದರೆ ಓದು ಬರಹ ಬಾರದವನು, ಸುಲಭಕ್ಕೆ ಮೋಸ ಹೋಗುವವನು ಎಂದರ್ಥ. ಆ ಹೆಸರಿನಿಂದ ಜನರನ್ನು ಬಿಡಿಸಬೇಕೆಂದು 90ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ನಮ್ಮ ಕಡೆಗೂ ಬಂತು. ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಕಲಾಜಾಥಾದವರು ತಮಟೆ ಬಡಿದುಕೊಂಡು ಬಂದು, ದೇವಸ್ಥಾನದ ಮುಂದೆ ನಾಟಕ ಆಡಿದರು. ರುಜು ಹಾಕಲು ಬಾರದ ರೈತನಿಂದ ಸಾಹುಕಾರ ಹೊಲ ಬರೆಸಿಕೊಳ್ಳುವ ಕಥೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತು ನೋಡಿ, ಬೀಡಿ ಹಚ್ಚಿಕೊಂಡು ಮನೆಗೆ ಬಂದ. ಅವ್ವ ಮಾತ್ರ ಮಾರನೇ ದಿನ ಸ್ಲೇಟು ಕೇಳಿದಳು.

ಆಂದೋಲನದ ಲೆಕ್ಕದಲ್ಲಿ ಅವ್ವನಿಗೆ ವಯಸ್ಸು ಮೀರಿತ್ತು. ಅವರು ಮುಖ್ಯವಾಗಿ ಹುಡುಕುತ್ತಿದ್ದದ್ದು ಹದಿನೈದರಿಂದ ಮೂವತ್ತೈದರವರನ್ನು. ಅವ್ವನಿಗೆ ಆಗಲೇ ನಲವತ್ತೆಂಟರ ಆಸುಪಾಸು. ಹೇಳಿಕೊಡುತ್ತಿದ್ದ ಹುಡುಗಿ ಪಿಯುಸಿ ಫೇಲಾಗಿ ಮನೆಯಲ್ಲಿದ್ದವಳು. 'ಬರಲಿ ಬಿಡಿ, ಲಾಟೀನಿನ ಬೆಳಕು ಎಲ್ಲರಿಗೂ ಒಂದೇ' ಎಂದಳಂತೆ. ಕರೆಂಟು ಇದ್ದರೂ ರಾತ್ರಿ ಪಾಠದ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಅವ್ವ ಪೂರ್ತಿ ಓದಲು ಕಲಿಯಲಿಲ್ಲ. ಕಲಿತದ್ದು ತನ್ನ ಹೆಸರು ಬರೆಯುವುದನ್ನು, ಬಸ್ಸಿನ ಬೋರ್ಡಿನ ಮೇಲೆ 'ತುಮಕೂರು' ಎಂದಿದ್ದರೆ ಗುರುತು ಹಿಡಿಯುವುದನ್ನು. ರಾಗಿ ಬೀಸಿದ ಮೇಲೆ ಹಿಟ್ಟಿನ ಧೂಳಿನಲ್ಲಿ ಬೆರಳಾಡಿಸಿ ಹೆಸರು ಬರೆಯುತ್ತಿದ್ದಳು, ನನ್ನ ಹೆಂಡತಿ ನೋಡಿದರೆ ಅಳಿಸಿಬಿಡುತ್ತಿದ್ದಳು.

ಅಪ್ಪ 1998ರಲ್ಲಿ ಹೋದ. ಅವ್ವನಿಗೆ ವಿಧವಾ ವೇತನ ಮಂಜೂರಾಗಿ ಮೊದಲ ಮನಿಯಾರ್ಡರು ಬಂದಾಗ ಪೋಸ್ಟ್‌ಮ್ಯಾನ್ ಅಭ್ಯಾಸಬಲದಿಂದ ಮಸಿ ಡಬ್ಬಿ ತೆರೆದಿದ್ದಾರೆ. ಅವ್ವ ಪೆನ್ನು ಕೇಳಿದ್ದಾಳೆ. ಐದು ಅಕ್ಷರ ಬರೆಯಲು ಅವಳಿಗೆ ಎಷ್ಟು ಹೊತ್ತಾಯಿತೆಂದರೆ, ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಎದುರು ಮನೆಗೆ ಹೋಗಿ ಕಾಗದ ಕೊಟ್ಟು ಬಂದರಂತೆ. ಈ ಕಥೆಯನ್ನು ಅವ್ವ ಕಡಿಮೆಯೆಂದರೂ ನೂರು ಸಲ ಹೇಳಿದ್ದಾಳೆ. ಪ್ರತಿ ಸಲವೂ ಪೋಸ್ಟ್‌ಮ್ಯಾನ್ ಒಂದೊಂದು ಮನೆ ಹೆಚ್ಚು ಸುತ್ತಿ ಬರುತ್ತಾರೆ.

ಹೆಸರಿನ ಮಾತು ಬಂದದ್ದಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ದುರ್ಗದ ಬೆಟ್ಟದ ಮೇಲೆ ಯೋಗಾನರಸಿಂಹ, ಕೆಳಗೆ ಭೋಗಾನರಸಿಂಹ. ಈ ಕಡೆಗೆ ಸಿದ್ಧಗಂಗೆ. ಹಾಗಾಗಿ ನಮ್ಮ ಹೋಬಳಿಯಲ್ಲಿ ಕಲ್ಲು ಬೀರಿದರೆ ನರಸಿಂಹಯ್ಯನಿಗೋ ಸಿದ್ಧಗಂಗಯ್ಯನಿಗೋ ತಗಲುತ್ತದೆ. ಕೂಗುವಾಗ ನರಸಮ್ಮ, ಪಹಣಿಯಲ್ಲಿ ನರಸಿಂಹಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀನರಸಮ್ಮ, ಮೂವರೂ ಒಬ್ಬಳೇ. ಸಿದ್ಧಗಂಗಮ್ಮನ 'ದ್ಧ' ಒಂದು ಕಡೆ ಹೊಟ್ಟೆ ಸೀಳಿಕೊಂಡಿರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಅದೇ ಇಂಗ್ಲಿಷಿಗೆ ಹೋದಾಗ ಒಂದು 'ಎಚ್' ಬೀಳುತ್ತದೆ ಅಥವಾ ಏಳುತ್ತದೆ. ಮನುಷ್ಯರು ನೋಡುವವರೆಗೆ ಇದು ಯಾರಿಗೂ ತೊಡಕಾಗಿರಲಿಲ್ಲ. ಕಂಪ್ಯೂಟರಿಗೆ ಮಾತ್ರ ಒತ್ತಕ್ಷರ ಒಂದು ಹೆಚ್ಚಾದರೆ ಹೆಂಗಸು ಬೇರೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದ ಮೇಲೆ ಎಷ್ಟು ನರಸಮ್ಮಂದಿರು ಅಫಿಡವಿಟ್ಟು ಮಾಡಿಸಿಕೊಳ್ಳಲು ನೋಟರಿಗಳ ಮುಂದೆ ನಿಂತಿದ್ದಾರೆ ಎಂದು ತುಮಕೂರಿನಲ್ಲಿ ಬಂದು ನೋಡಿ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹಾಡುವವನು ನಾನಲ್ಲ. ವಂಶಪಾರಂಪರ್ಯವಾಗಿ ಬಂದಿದ್ದ ಶಾನುಭೋಗಿಕೆ 1963ರಲ್ಲಿ ರದ್ದಾಯಿತು, ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬನ ಚೀಲದಲ್ಲೇ ಉಳಿಯಿತು. ಪಹಣಿ ಬೇಕೆಂದರೆ ಆ ಚೀಲ ಎಲ್ಲಿದೆಯೋ ಹುಡುಕಬೇಕು. ಅಪ್ಪ ಒಂದು ಪಹಣಿಗಾಗಿ ಮೂರು ದಿನ ಕೂಲಿ ಬಿಟ್ಟು, ಒಂದು ಹುಂಜವನ್ನೂ ಕಳೆದುಕೊಂಡಿದ್ದು ನಾನೇ ಕಂಡಿದ್ದೇನೆ. 2000ದ ಹೊತ್ತಿಗೆ ಭೂಮಿ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆ ಕೆಲಸದ ಮುಂಚೂಣಿಯಲ್ಲಿದ್ದವರು ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಮುದ್ರಣವಾಗಿ ಬರುತ್ತಿತ್ತು. ಕಿಟಕಿಯ ಹೊರಗೆ ರೈತನಿಗೂ ಕಾಣುವ ಹಾಗೆ ಇನ್ನೊಂದು ಪರದೆ ಇಡುವ ಏರ್ಪಾಡು ಅದರಲ್ಲಿತ್ತು. ನನ್ನ ತಮ್ಮ ಮೊದಲ ಸಲ ಹಾಗೆ ಪಹಣಿ ತಂದಾಗ ಅದನ್ನು ದೇವರ ಫೋಟೊದ ಹಿಂದೆ ಸಿಕ್ಕಿಸಿದ್ದ.

ಭೂಮಿಯಲ್ಲಿ ಇನ್ನೊಂದು ವಿಶೇಷವಿತ್ತು, ಆಗ ನಾನು ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಖಾತೆ ಬದಲಾವಣೆ ಮಾಡುವ ಅಧಿಕಾರಿ ಕಂಪ್ಯೂಟರಿನ ಮುಂದೆ ತನ್ನ ಬೆರಳು ಒತ್ತಬೇಕಿತ್ತು. ನಾಳೆ 'ನಾನಲ್ಲ ಮಾಡಿದ್ದು' ಎನ್ನಬಾರದಲ್ಲ, ಅದಕ್ಕೆ. ಅಂದರೆ ಸರ್ಕಾರ ಯಂತ್ರಕ್ಕೆ ಮೊದಲು ಒತ್ತಿಸಿಕೊಂಡದ್ದು ತನ್ನವರದೇ ಹೆಬ್ಬೆಟ್ಟನ್ನು. ಅಲ್ಲಿಗೇ ನಿಲ್ಲಿಸಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಬ್ಯಾಂಕಿಗೂ ಕಂಪ್ಯೂಟರು ಬಂತು. 80ರ ದಶಕದಲ್ಲಿ ಯೂನಿಯನ್ನಿನ ಸಭೆಗಳಲ್ಲಿ ಅದರ ವಿರುದ್ಧ ಕೂಗಿದವರಲ್ಲಿ ನಾನೂ ಒಬ್ಬ. ಕೆಲಸ ಹೋಗುತ್ತದೆ ಎಂಬ ಭಯ. ಕೆಲಸವೇನೂ ಹೋಗಲಿಲ್ಲ. ಲೆಡ್ಜರಿನ ಬೆನ್ನುಮೂಳೆ ಮುರಿಯುವ ಭಾರ ಹೋಯಿತು, ವರ್ಷದ ಕೊನೆಯ ಬಡ್ಡಿ ಲೆಕ್ಕದ ರಾತ್ರಿಗಳು ಹೋದವು. ಹೋದದ್ದರ ಪಟ್ಟಿಯಲ್ಲಿ ಇನ್ನೊಂದಿದೆ. ಶಾಖೆಗಳೆಲ್ಲ ಒಂದೇ ಜಾಲಕ್ಕೆ ಸೇರಿದ ಮೇಲೆ ನಾನು ಒಂದು ಹೊಸ ಮಾತು ಕಲಿತೆ, 'ಸಿಸ್ಟಂ ಇಲ್ಲ'. ಲೆಡ್ಜರ್ ಇದ್ದಾಗ ತಪ್ಪು ನನ್ನದಾಗಿತ್ತು, ಬೈದರೆ ಬೈಸಿಕೊಳ್ಳುತ್ತಿದ್ದೆ. ಈಗ ಕತ್ತೆತ್ತದೆ 'ಸಿಸ್ಟಂ ಇಲ್ಲಮ್ಮ, ನಾಳೆ ಬಾ' ಎಂದರಾಯಿತು. ಹತ್ತು ಮೈಲಿ ನಡೆದು ಬಂದವಳು ಸಿಸ್ಟಮ್ಮನ್ನು ಬೈಯುವುದು ಹೇಗೆ? ಒಬ್ಬ ಮುದುಕಿ ಒಮ್ಮೆ ಬಹಳ ಗೌರವದಿಂದ, 'ಅವ್ರು ಎಷ್ಟೊತ್ತಿಗೆ ಬತ್ತಾರೆ ಸ್ವಾಮಿ?' ಎಂದು ಕೇಳಿದಳು. ನಾವೆಲ್ಲ ನಕ್ಕೆವು. ಆ ನಗು ನನಗೆ ತಿರುಗಿ ಬಡಿದದ್ದು ಮುಂದೆ.

2010ರಲ್ಲಿ ಆಧಾರ್ ಕರ್ನಾಟಕಕ್ಕೆ ಕಾಲಿಟ್ಟಾಗ ಮೊದಲು ಪ್ರಯೋಗಕ್ಕೆ ಆರಿಸಿಕೊಂಡದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ದೇಶದಲ್ಲಿ ಆ ಸಂಖ್ಯೆ ಮೊದಲ ಬಾರಿ ಕೈಗೆ ಸಿಕ್ಕಿದ್ದು ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯವರಿಗೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ. ನಮ್ಮವರು ಹೆಚ್ಚು ಹಿಂದೆ ಬೀಳಲಿಲ್ಲ. ಹೊಸದಕ್ಕೆ ಹಳ್ಳಿಯವರು ಹೆದರುತ್ತಾರೆ ಎಂದು ಪೇಟೆಯಲ್ಲಿ ಕೂತು ಬರೆಯುವವರು ನಮ್ಮೂರ ಶಾಲೆಯ ಮುಂದೆ ಆ ದಿನ ನಿಂತಿದ್ದ ಸಾಲನ್ನು ನೋಡಬೇಕಿತ್ತು. ಅವ್ವ ಪೆಟ್ಟಿಗೆಯ ಸೀರೆ ಉಟ್ಟು ಬಂದಿದ್ದಳು. ಹತ್ತೂ ಬೆರಳು ಗಾಜಿನ ಮೇಲೆ, ಎರಡೂ ಕಣ್ಣು ದುರ್ಬೀನಿನಂಥ ಯಂತ್ರದೊಳಗೆ. ಹುಡುಗ ಬೆರಳುಗಳ ಮೇಲೆ ತನ್ನ ಕೈ ಇಟ್ಟು ಬಲವಾಗಿ ಅದುಮಿದನಂತೆ. 'ಹಸಿರು ಲೈಟು ಬಂತು, ಆಯ್ತು ಹೋಗಜ್ಜಿ ಅಂದ' ಎಂದು ಅವ್ವ ಫೋನಿನಲ್ಲಿ ಹೇಳಿದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, 'ರುಜು ಯಾರೂ ಕೇಳ್ಲಿಲ್ಲ ಕಣಪ್ಪ' ಎಂದಳು.

ಆ ಮಾತಿಗೆ ನಾನಾಗ ಬೆಲೆ ಕೊಡಲಿಲ್ಲ.

ಇಲ್ಲಿ ಹೆಬ್ಬೆಟ್ಟಿಗೆ ಸೇರಿದ ನಮ್ಮ ಕಡೆಯ ಇನ್ನೊಂದು ಸಂಗತಿ ಸೇರಿಸುತ್ತೇನೆ. ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇತ್ತಲ್ಲ. ಮೊದಲ ಸಂಬಳದಲ್ಲಿ ನಾನು ಕೊಂಡದ್ದು ಎಚ್‌ಎಂಟಿಯ ಜನತಾ. ದಿನಾ ಬೆಳಿಗ್ಗೆ ರೇಡಿಯೊ ವಾರ್ತೆಯ ಹೊತ್ತಿಗೆ ಹೆಬ್ಬೆಟ್ಟು ತೋರುಬೆರಳಿನ ನಡುವೆ ಕೀ ಹಿಡಿದು ತಿರುಗಿಸುವುದು ಒಂದು ಪೂಜೆಯ ಹಾಗೆ. ಬ್ಯಾಟರಿಯ ಕ್ವಾರ್ಟ್ಸ್ ವಾಚುಗಳು ಬಂದ ಮೇಲೆ ಹೆಬ್ಬೆಟ್ಟಿಗೆ ಆ ಕೆಲಸ ತಪ್ಪಿತು, ಮೊಬೈಲು ಬಂದ ಮೇಲೆ ವಾಚಿಗೇ ಕೆಲಸ ತಪ್ಪಿತು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವುದೆಂದು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರ ಜನವರಿಯಲ್ಲಿ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಹೆಬ್ಬೆಟ್ಟಿಗೆ ಹೊಸ ನೌಕರಿ ಸಿಕ್ಕಿತು, ನ್ಯಾಯಬೆಲೆ ಅಂಗಡಿಯಲ್ಲಿ.

ಯಂತ್ರ ನೋಡಲು ಬಸ್ ಕಂಡಕ್ಟರನ ಟಿಕೆಟ್ ಮಷೀನಿನ ಹಾಗೆ. ಕಾರ್ಡಿನ ನಂಬರ್ ಒತ್ತಿ, ಬೆರಳು ಇಟ್ಟರೆ, ಗಾಜಿನ ಕೆಳಗೆ ಕೆಂಪು ಬೆಳಕು ಹತ್ತುತ್ತದೆ. ಹೊಂದಿದರೆ ಚೀಟಿ, ಚೀಟಿ ಬಂದರೆ ಅಕ್ಕಿ. ಅದಕ್ಕೂ ಮೊದಲು ನೆಟ್‌ವರ್ಕ್ ಸಿಗಬೇಕು. ನಾಲ್ಕು ಸಾವಿರ ಅಡಿಯ ಸಮೀಪದ ದುರ್ಗದ ಬೆಟ್ಟ ಅಡ್ಡ ಕೂತಿರುವ ಹಳ್ಳಿಗಳಲ್ಲಿ ಅದೂ ಒಂದು ವ್ರತವೇ. ಅಂಗಡಿಯವನು ಯಂತ್ರವನ್ನು ಹಿಡಿದುಕೊಂಡು ಓವರ್‌ಹೆಡ್ ಟ್ಯಾಂಕಿನ ಮೆಟ್ಟಿಲ ಹತ್ತಿರ ಹೋಗುತ್ತಿದ್ದ, ಸಾಲು ಅವನ ಹಿಂದೆ ಹೋಗುತ್ತಿತ್ತು. ಮೆರವಣಿಗೆಯ ಹಾಗೆ. ಮೊದಲ ತಿಂಗಳು ಎಲ್ಲರಿಗೂ ನಗು.

ಒಂದು ಕಾರ್ಡಿನಲ್ಲಿ ನಾಲ್ಕಾರು ಜನ ಇದ್ದರೆ ತೊಂದರೆಯಿಲ್ಲ. ಅಜ್ಜಿಯದು ಬರದಿದ್ದರೆ ಮೊಮ್ಮಗನದು ಬರುತ್ತದೆ. ನನ್ನ ತಮ್ಮನ ಸಂಸಾರದ ಕಾರ್ಡು ಬೇರೆಯಾಗಿತ್ತು, ಅವ್ವನದು ಒಂಟಿ ಕಾರ್ಡು. ಅವ್ವನ ಬೆಟ್ಟು ಹೊಂದಲಿಲ್ಲ. ಬಲಗೈ ಹೆಬ್ಬೆಟ್ಟು, ಎಡಗೈ ಹೆಬ್ಬೆಟ್ಟು, ತೋರುಬೆರಳು ಯಾವುದೂ ಬರಲಿಲ್ಲ. ಸಾಲಿನಲ್ಲಿದ್ದವರೆಲ್ಲ ವೈದ್ಯರಾದರು. ಸೀರೆ ಸೆರಗಿಗೆ ಒರೆಸು ಎಂದರು, ತಲೆಗೆ ತಿಕ್ಕು ಎಂದರು, ಕೊಬ್ಬರಿ ಎಣ್ಣೆ ಹಚ್ಚು, ನಿಂಬೆಹಣ್ಣು ಉಜ್ಜು ಎಂದರು. ಅಪ್ಪ ಹೆಬ್ಬೆಟ್ಟಿನ ಮಸಿಯನ್ನು ತಲೆಗೆ ಒರೆಸಿಕೊಂಡಿದ್ದ. ಈಗ ಅವ್ವ ತಲೆಯ ಎಣ್ಣೆಯನ್ನು ಹೆಬ್ಬೆಟ್ಟಿಗೆ ಒರೆಸಿಕೊಂಡಳು. ಆರು ಸಲ ಒತ್ತಿಸಿ ಅಂಗಡಿಯವನು, 'ಅಜ್ಜಿ, ನಿನ್ ಬೆಟ್ಟು ತಗೊಳ್ತಿಲ್ಲ, ನಾಳೆ ಬಾ' ಎಂದ. ಅವನ ಮುಖ ನಾನು ನೋಡಿಲ್ಲ. ಆದರೂ ಅದು ಹೇಗಿತ್ತೆಂದು ನನಗೆ ಚೆನ್ನಾಗಿ ಗೊತ್ತು. ಕನ್ನಡಿಯಲ್ಲಿ ಎಷ್ಟು ವರ್ಷ ನೋಡಿದ್ದೇನೆ.

ರಾತ್ರಿ ಫೋನ್ ಬಂತು. 'ನನ್ ಬೆಟ್ಟು ಸತ್ತೋಗೈತಂತೆ ಕಣ್ಲಾ ಮಗ.'

ನಾನು ಬ್ಯಾಂಕಿನವನ ಧಿಮಾಕಿನಲ್ಲಿ, ಯಂತ್ರ ಸರಿಯಿರುವುದಿಲ್ಲ, ಮುಂದಿನ ತಿಂಗಳು ಬರುತ್ತದೆ ಬಿಡು ಎಂದೆ. ಮುಂದಿನ ತಿಂಗಳೂ ಬರಲಿಲ್ಲ. ಅಕ್ಕಿಗೇನೂ ಗತಿಯಿಲ್ಲದ ಮನೆಯಲ್ಲ, ತಮ್ಮ ಇದ್ದಾನೆ, ನಾನಿದ್ದೇನೆ. ಅವ್ವನಿಗೆ ಕೊರಗು ಅಕ್ಕಿಯದಾಗಿರಲಿಲ್ಲ. ಊರಿನಲ್ಲಿ ಎಪ್ಪತ್ತು ದಾಟಿದವಳನ್ನು, ಎದುರಿಗೆ ನಿಂತವನೇ 'ನೀನು ನೀನಲ್ಲ' ಎಂದು ಕಳಿಸಿದ್ದು. ಅಂಗಡಿಯವನಿಗೆ ಅವಳು ಗೊತ್ತಿಲ್ಲವೇ? ಅವನ ತಾಯಿಯ ಹೆರಿಗೆಯ ಹೊತ್ತಿನಲ್ಲಿ ಬಿಸಿನೀರು ಕಾಯಿಸಿದವಳು ಅವ್ವ. ಅವನು ಹುಟ್ಟಿದ್ದಕ್ಕೇ ಸಾಕ್ಷಿಯಾದವಳು. ಅವಳಿಗೆ ಸಾಕ್ಷಿ ಹೇಳಲು ಯಂತ್ರ ಅವನಿಗೆ ಬಾಯಿ ಕೊಟ್ಟಿರಲಿಲ್ಲ. 'ನಾನ್ ರುಜು ಹಾಕ್ತೀನಿ, ಪುಸ್ತಕ ಕೊಡು ಅಂದೆ. ರುಜು ನಡೆಯಾಕಿಲ್ವಂತೆ' ಎಂದಳು. ಮಸಿ ಡಬ್ಬಿಯನ್ನು ದೂರ ತಳ್ಳಿ ಪೆನ್ನು ಕೇಳಿದ್ದವಳನ್ನು ಇಪ್ಪತ್ತು ವರ್ಷದ ಮೇಲೆ ತಿರುಗಿ ಹೆಬ್ಬೆಟ್ಟಿಗೆ ತಂದು ನಿಲ್ಲಿಸಿದ್ದೆವು, ಆ ಹೆಬ್ಬೆಟ್ಟೂ ಅವಳದಲ್ಲ ಎಂದಿದ್ದೆವು.

ಆ ಭಾನುವಾರ ಊರಿಗೆ ಹೋಗಿ ಮೊದಲ ಸಲ ಅವ್ವನ ಕೈ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದೆ. ಅಷ್ಟು ಜನರ ಕೈ ಹಿಡಿದವನು, ಇದೊಂದನ್ನು ನೋಡಿರಲಿಲ್ಲ. ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ, ಹೊಳೆಕಲ್ಲಿನ ಹಾಗೆ ನುಣುಪು. ಅಲ್ಲಲ್ಲಿ ಬಿರುಕು, ಬಿರುಕಿನೊಳಗೆ ಕಪ್ಪು. ಅಡಿಕೆ ಸುಲಿದ ಚೊಗರು ಅದು, ಯಾವ ಸೋಪಿಗೂ ಹೋಗುವುದಿಲ್ಲ. ಮಾಘ ಕಳೆದರೆ ನಮ್ಮ ಕಡೆ ಹುಣಸೆಹಣ್ಣಿನ ಕೆಲಸ. ತುಮಕೂರಿನ ಮಂಡಿಗೆ ಹೋಗುವ ಹಣ್ಣನ್ನು ಬಡಿದು, ಓಡು ಬಿಡಿಸಿ, ನಾರು ತೆಗೆದು, ಬೀಜ ಬೇರೆ ಮಾಡುವುದು ಹೆಂಗಸರು, ಕೆಜಿ ಲೆಕ್ಕದ ಕೂಲಿಗೆ. ಐವತ್ತು ಅರವತ್ತು ಬೇಸಗೆ ಆ ಹುಳಿಯಲ್ಲಿ ಅದ್ದಿದ ಬೆರಳುಗಳು. ಸಗಣಿ, ಪಾತ್ರೆ ತಿಕ್ಕುವ ಬೂದಿ, ರಾಗಿ ಹೊಲದ ಕಳೆ ಬೇರೆ. ಬೆರಳಿನ ಏರುಗೆರೆಗಳು ಎಲ್ಲಿ ಕವಲಾಗುತ್ತವೆ, ಎಲ್ಲಿ ಕೊನೆಯಾಗುತ್ತವೆ ಎಂಬುದನ್ನು ಯಂತ್ರ ನೋಡುತ್ತದೆ. ಗೆರೆ ಸವೆದಿದ್ದರೆ, ಚರ್ಮ ಒಣಗಿದ್ದರೆ ಅದಕ್ಕೆ ಕಾಣುವುದು ಬರೀ ಮಸುಕು. ಮೊಬೈಲಿನ ಗಾಜು ಅವ್ವನ ಬೆರಳಿಗೆ ಎಷ್ಟೋ ಸಲ ಓಗೊಡುವುದಿಲ್ಲ, ಅದಕ್ಕೂ ಜಡ್ಡುಗಟ್ಟಿದ ಒಣ ಚರ್ಮವೇ ಕಾರಣ. ಕೆಲಸ ಮಾಡಿದವರ ಕೈಯನ್ನೇ ಗುರುತು ಹಿಡಿಯದ ಯಂತ್ರವನ್ನು ಕೆಲಸ ಮಾಡುವವರ ಊರಿಗೇ ತಂದು ಇಟ್ಟಿದ್ದರು.

ಆಧುನಿಕ ಆಡಳಿತದಲ್ಲಿ ಬೆರಳಚ್ಚಿನ ಈ ಬಳಕೆ ಶುರುವಾದದ್ದೇ ನಮ್ಮ ದೇಶದಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆಗೆ ಜಲ್ಲಿ ಒದಗಿಸುವ ಒಪ್ಪಂದಕ್ಕೆ ರಾಜ್ಯಧರ್ ಕೊನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯನ್ನೇ ಒತ್ತಿಸಿಕೊಂಡ. ಹೋಲಿಸಿ ನೋಡುವ ಯೋಚನೆ ಆಗಿನ್ನೂ ಇರಲಿಲ್ಲ, ನಾಳೆ ಮಾತು ತಪ್ಪದಂತೆ ಹೆದರಿಸುವುದಕ್ಕೆ ಮಾಡಿದ್ದು. 1877ರಲ್ಲಿ ಅದೇ ಹರ್ಷೆಲ್ ಹೂಗ್ಲಿಯಲ್ಲಿ ಪಿಂಚಣಿದಾರರ ಬೆರಳಚ್ಚು ತೆಗೆಸಲು ಶುರುಮಾಡಿದ, ಸತ್ತವರ ಹೆಸರಿನಲ್ಲಿ ಬೇರೆಯವರು ಪಿಂಚಣಿ ಎತ್ತಬಾರದೆಂದು. ಹೋಲಿಸಲು ಬೆರಳಚ್ಚುಗಳನ್ನು ವಿಂಗಡಿಸುವ ಶಾಸ್ತ್ರ ಗಟ್ಟಿಯಾದದ್ದು ಕಲ್ಕತ್ತೆಯ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆಯಿಂದ. ಅಂತೂ ಆರಂಭದಿಂದಲೂ ಹೆಬ್ಬೆಟ್ಟನ್ನು ಕೇಳುವವನ ಮನಸ್ಸಿನಲ್ಲಿ ಇರುವುದು ಒಂದೇ ಸಂಶಯ, ಎದುರಿಗಿರುವವನು ಸುಳ್ಳ.

ಸಂಶಯಕ್ಕೆ ಕಾರಣ ಇರಲಿಲ್ಲವೆಂದು ಹೇಳಲಾರೆ. ಹಳೆಯ ಕಾರ್ಡುಗಳ ಕಾಲದಲ್ಲಿ ಸತ್ತವರು ಸೀಮೆಎಣ್ಣೆ ಒಯ್ಯುತ್ತಿದ್ದರು, ಹುಟ್ಟದವರು ಸಕ್ಕರೆ ತಿನ್ನುತ್ತಿದ್ದರು. ಯಂತ್ರ ಬಂದ ಮೇಲೆ ಅದು ಎಷ್ಟೋ ಕಡಿಮೆಯಾಯಿತು ಎನ್ನುವುದನ್ನು ಅಂಗಡಿ ಸಾಲಿನಲ್ಲಿ ನಿಂತವರೇ ಹೇಳುತ್ತಾರೆ. ನನ್ನ ತಕರಾರು ಯಂತ್ರ ತಂದದ್ದಕ್ಕಲ್ಲ, ಸಾಕ್ಷಿಯನ್ನು ತೆಗೆದದ್ದಕ್ಕೆ. ಯಂತ್ರ ಗುರುತಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಸೌಲಭ್ಯ ತಪ್ಪಿಸಬಾರದು, ಬೇರೆ ರೀತಿಯಲ್ಲಿ ಗುರುತಿಸಿ ಕೊಟ್ಟು ಪುಸ್ತಕದಲ್ಲಿ ಬರೆದಿಡಬೇಕು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಕಳಿಸಿತ್ತು. ಅದನ್ನು ಪ್ರಿಂಟ್ ಹಾಕಿಸಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಮರ್ಯಾದೆಯಿಂದ ಕುರ್ಚಿ ಹಾಕಿದ, ಪೂರ್ತಿ ಓದಿದ. 'ಕಾಗದ ಸರಿಯಾಗೈತೆ ಸಾರ್. ಆದ್ರೆ ಯಂತ್ರಕ್ಕೆ ಓದಾಕ್ ಬರಬೇಕಲ್ಲ' ಎಂದ. ಅವನದೂ ತಪ್ಪಲ್ಲ. ಚೀಟಿ ಬರದೆ ಅಕ್ಕಿ ಅಳೆದರೆ ಲೆಕ್ಕ ಕೊಡಬೇಕಾದವನು ಅವನೇ. ಕಚೇರಿಗೆ ಹೋದೆ. ಅಲ್ಲಿ ಇನ್ನೊಂದು ಕಚೇರಿಗೆ ಹೋಗಲು ಹೇಳಿದರು. ಅಲ್ಲಿ ಸರ್ವರ್ ಇರಲಿಲ್ಲ. 'ಅವ್ರು ಎಷ್ಟೊತ್ತಿಗೆ ಬತ್ತಾರೆ' ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು.

ದಾರಿ ತೋರಿಸಿದವಳು ಆಧಾರ್ ತಿದ್ದುಪಡಿ ಮಾಡುವ ಕಡೆ ಕೂತಿದ್ದ ಒಬ್ಬ ಹುಡುಗಿ. ಇಪ್ಪತ್ತೆರಡು ವರ್ಷವಿರಬಹುದು. ಅವ್ವನನ್ನು ಕೂರಿಸಿ, ಮೊದಲು ಕುಡಿಯಲು ನೀರು ಕೊಟ್ಟಳು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿ, ಸ್ವಲ್ಪ ಹೊತ್ತು ತನ್ನ ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು, ಯಂತ್ರಕ್ಕೆ ಇಟ್ಟಳು. ಹತ್ತರಲ್ಲಿ ಯಾವುದು ಚೆನ್ನಾಗಿ ಮೂಡುತ್ತದೆ ಎಂದು ಹುಡುಕುವ ಕ್ರಮವೇ ಇದೆಯಂತೆ, ನಮಗೆ ಅದನ್ನು ಯಾರೂ ಹೇಳಿರಲಿಲ್ಲ. ಹೆಬ್ಬೆಟ್ಟು ಹೋಯಿತು, ತೋರುಬೆರಳು ಹೋಯಿತು, ನಡುಬೆರಳು ಅರೆಬರೆ. ಬಲಗೈ ಪೂರ್ತಿ ಮುಗಿಯಿತು. ಎಡಗೈಯ ಉಂಗುರದ ಬೆರಳಿಗೆ ಯಂತ್ರ ಥಟ್ಟನೆ ಒಪ್ಪಿಕೊಂಡಿತು. ಹುಣಸೆ ಬೀಜ ಬಿಡಿಸುವಾಗ, ಅಡಿಕೆ ಸುಲಿಯುವಾಗ ಹೆಚ್ಚು ಕೆಲಸವಿಲ್ಲದೆ ಪಕ್ಕದಲ್ಲಿ ಸುಮ್ಮನಿರುವ ಬೆರಳು ಅದು. 'ಅಜ್ಜಿ, ಇನ್ಮೇಲೆ ಇದನ್ನೇ ಕೊಡಿ, ಬೇರೆ ಯಾವುದನ್ನೂ ಕೊಡಬೇಡಿ' ಎಂದು ಆ ಬೆರಳಿಗೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟು ಕಳಿಸಿದಳು. ಆ ಮುಂದಿನ ತಿಂಗಳು ಅಕ್ಕಿ ಬಂತು.

ನಾನು 2022ರಲ್ಲಿ ನಿವೃತ್ತನಾದೆ. ನಮ್ಮಂಥ ಪಿಂಚಣಿಯವರು ನವೆಂಬರಿನಲ್ಲಿ ಬದುಕಿದ್ದೇವೆಂದು ತೋರಿಸಬೇಕು. ಅದಕ್ಕೂ 2014ರಿಂದ ಜೀವನ್ ಪ್ರಮಾಣ್ ಎಂಬ ಬೆರಳಿನ ಏರ್ಪಾಡು ಇದೆ, ಹೂಗ್ಲಿಯ ಹರ್ಷೆಲ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಕಳೆದ ಸಲ ಕೌಂಟರಿನ ಹುಡುಗ ನನ್ನ ಹೆಬ್ಬೆಟ್ಟನ್ನು ನಾಲ್ಕು ಸಲ ಒತ್ತಿಸಿದ. ಮೂವತ್ತೆಂಟು ವರ್ಷ ನೋಟು ಎಣಿಸಿದ ಬೆಟ್ಟು. 'ತಗೊಳ್ತಿಲ್ಲ ಸಾರ್, ನಾಳೆ ಬರ್ತೀರಾ?' ಎಂದ, ಕತ್ತೆತ್ತದೆ. ನಾನು ಉಂಗುರದ ಬೆರಳು ಕೊಟ್ಟೆ.

ಅವ್ವನಿಗೆ ಈಗ ಎಂಬತ್ತೊಂದು. ಬೇಡ ಎಂದರೂ ಹುಣಸೆಹಣ್ಣಿನ ಕೆಲಸ ಬಿಟ್ಟಿಲ್ಲ, ಹಣ್ಣಿನ ರಾಶಿಯ ಸುತ್ತ ಕೂತು ಆಡುವ ಮಾತು ಬೇಕು ಅವಳಿಗೆ. ಈ ಬೇಸಗೆಯಲ್ಲಿ ಹೋದಾಗ ಜಗಲಿಯ ಮೇಲೆ ಕಾಲು ಚಾಚಿ ಬೀಜ ಬಿಡಿಸುತ್ತಿದ್ದಳು. ಎಡಗೈಯ ಉಂಗುರದ ಬೆರಳಿಗೆ ಹಳೆ ಸೀರೆಯ ಚೂರು ಸುತ್ತಿತ್ತು. ಪೆಟ್ಟಾಯಿತೇ ಎಂದು ಗಾಬರಿಯಿಂದ ಕೇಳಿದೆ.

'ಅಯ್ಯೋ ಇಲ್ಲ ಕಣಪ್ಪ. ಅದು ರೇಷನ್ ಬೆಟ್ಟು, ಅದನ್ನ ಕೆಲಸಕ್ಕೆ ಹಾಕಾಕಿಲ್ಲ' ಎಂದಳು.

ಆ ತಿಂಗಳ ಅಕ್ಕಿ, ರಾಗಿ ಎರಡೂ ಮೊದಲ ಸಲಕ್ಕೇ ಬಂದಿದ್ದವು.